ಇಪ್ಪತ್ನಾಲ್ಕು ಕಿಲೋ ಬಡ್ತಿ

ನಮ್ಮ ಊರಿನಲ್ಲಿ ಬಡ್ತಿಯ ಸುದ್ದಿ ಮೊದಲು ಗೊತ್ತಾಗುವುದು ಮಂಚಕ್ಕೆ. ಅತ್ತ ಕಚೇರಿಯಲ್ಲಿ ಸಾಹೇಬರು ಆದೇಶಕ್ಕೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುವಷ್ಟರಲ್ಲಿ, ಇತ್ತ ಮನೆಯಲ್ಲಿ ರಜೆಯ ದಿನದ ನಿದ್ದೆಯಲ್ಲಿದ್ದವನ ಕೆಳಗೆ ಮಂಚದ ಹಲಗೆ ಚಟ್ಟೆಂದು ಮುರಿಯುತ್ತದೆ. ಹೆಂಡತಿ ಅಡುಗೆಮನೆಯಿಂದಲೇ "ಎಷ್ಟಾತು?" ಎಂದು ಕೂಗುತ್ತಾಳೆ. ಗಂಡ ನೆಲದ ಮೇಲೆ ಬಿದ್ದುಕೊಂಡೇ "ಹದಿನೆಂಟು ಕಿಲೋಕ್ಕ ಕಡಿಮಿ ಇಲ್ಲ ಬಿಡು" ಎನ್ನುತ್ತಾನೆ. ಆಮೇಲೆ ಪೇಡೆ ತರಲು ಯಾರಾದರೂ ಓಡುತ್ತಾರೆ.

ಮೈ ದಪ್ಪವಾಗುವುದಿಲ್ಲ. ದರ್ಜಿಯ ಅಳತೆ ಹಾಗೇ ಇರುತ್ತದೆ, ತೂಕ ಮಾತ್ರ ಏರುತ್ತದೆ. ಗುಮಾಸ್ತ ಹಿರಿಯ ಗುಮಾಸ್ತನಾದರೆ ಎಂಟು ಕಿಲೋ. ಮೇಲ್ವಿಚಾರಕನಾದರೆ ಹದಿನೆಂಟು. ವಿಭಾಗದ ಮುಖ್ಯಸ್ಥನಾದರೆ ಇಪ್ಪತ್ನಾಲ್ಕು. ಸಿಟಿ ಬಸ್ಸಿನ ಕಂಡಕ್ಟರ್ ಅಧಿಕಾರಿಗಳನ್ನು ಚಕ್ರದ ಮೇಲಿನ ಸೀಟಿನಲ್ಲೇ ಕೂರಿಸುತ್ತಾನೆ, ಆ ಬದಿಗೊಬ್ಬರು, ಈ ಬದಿಗೊಬ್ಬರು. ಮದುವೆಯ ಮಾತುಕತೆಯಲ್ಲಿ ಸಂಬಳ ಕೇಳುವುದು ಒರಟುತನ ಎಂದು "ಹುಡುಗ ಎಷ್ಟು ತೂಗ್ತಾನ್ರಿ?" ಎಂದು ಕೇಳುತ್ತಾರೆ.

ನಿವೃತ್ತಿಯ ದಿನ ಸಂಜೆ ಐದಕ್ಕೆ ಅಷ್ಟೂ ತೂಕ ಒಮ್ಮೆಲೇ ಇಳಿಯುತ್ತದೆ. ಇಳಿಯುವುದು ತೂಕ ಮಾತ್ರ, ಮೊಣಕಾಲಿನ ವಯಸ್ಸು ಇಳಿಯುವುದಿಲ್ಲ. ಮೂವತ್ತು ವರ್ಷ ಕಾದಿದ್ದವರು ಅಂದು ಮಾವಿನ ಮರ ಹತ್ತುತ್ತಾರೆ, ಕಾಂಪೌಂಡು ಜಿಗಿಯುತ್ತಾರೆ, ಮೊಮ್ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಾರೆ. ತಿಂಗಳ ಕೊನೆಯ ದಿನ ನಮ್ಮ ಮೂಳೆ ಡಾಕ್ಟರು ರಜೆ ಹಾಕುವುದಿಲ್ಲ. ಬೀಳ್ಕೊಡುಗೆಯಲ್ಲಿ ಶಾಲು ಮತ್ತು ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಜೊತೆ ಊರುಗೋಲು ಕೊಡುವುದು ಪದ್ಧತಿ. ಯಾರೂ ಅದನ್ನು ಅಪಶಕುನ ಎಂದುಕೊಳ್ಳುವುದಿಲ್ಲ. ಶಾಲಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾನು ನೀಲಾಂಬಿಕೆ, ವಯಸ್ಸು ಇಪ್ಪತ್ತೇಳು, ತೂಕ ನಲವತ್ತೇಳು. ಆರು ವರ್ಷ ಹಾಸ್ಟೆಲಿನಲ್ಲಿದ್ದೆ. ಅಲ್ಲಿನ ಸಾರಿನಲ್ಲಿ ಬೇಳೆ ಹುಡುಕಿ ಸುಸ್ತಾದವರು ಲೈಬ್ರರಿಗೆ ಹೋಗುತ್ತಿದ್ದರು, ನಾನೂ ಹೋದೆ. ಆ ಲೈಬ್ರರಿಯಲ್ಲಿ, ದುಡ್ಡಿನಲ್ಲಿ ಸುಖವಿಲ್ಲ ಎಂದು ಹೇಳುವ ಪುಸ್ತಕಗಳು ಒಂದು ಇಡೀ ಕಪಾಟು ತುಂಬ ಇದ್ದವು. ಬಹಳಷ್ಟನ್ನು ಓದಿದೆ. ಅವುಗಳನ್ನು ಬರೆದವರು ನಮ್ಮ ಹಾಸ್ಟೆಲಿನಲ್ಲಿ ಒಂದು ವಾರ ಉಂಡಿದ್ದರೆ ಕಪಾಟು ಅರ್ಧ ಖಾಲಿಯಿರುತ್ತಿತ್ತು ಎಂಬುದು ಅಂದಿನ ನನ್ನ ಅಭಿಪ್ರಾಯ, ಇಂದಿನದೂ ಅದೇ.

ನಾಲ್ಕು ವರ್ಷದಿಂದ ಪೆನ್ಸಿಲ್ ಕಾರ್ಖಾನೆಯಲ್ಲಿ ಕೆಲಸ. ಪೆನ್ಸಿಲಿನ ಒಳಗಿನ ಕಪ್ಪು ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣು ಬೆರೆಸಿ ಭಟ್ಟಿಯಲ್ಲಿ ಸುಟ್ಟದ್ದು. ನಮ್ಮ ಪೆನ್ಸಿಲನ್ನು ಚೂಪು ಮಾಡಿದರೆ ಕಡ್ಡಿ ಮುರಿಯುತ್ತದೆ ಎಂಬುದು ಜಿಲ್ಲೆಗೆಲ್ಲ ಗೊತ್ತಿದ್ದ ವಿಷಯ. ಹಸಿ ಕಡ್ಡಿಯನ್ನು ಅವಸರದಲ್ಲಿ ಭಟ್ಟಿಗೆ ಹಾಕುತ್ತಿದ್ದರು. ನಾನು ಮೂರು ದಿನ ನೆರಳಿನಲ್ಲಿ ಒಣಗಿಸಿ ಹಾಕಿಸಿದೆ. ಮುರಿಯುವುದು ನಿಂತಿತು. ಇದರಲ್ಲಿ ದೊಡ್ಡ ಬುದ್ಧಿವಂತಿಕೆಯೇನಿಲ್ಲ, ಆದರೆ ಆ ವಾರ ನಾನು ಸ್ವಲ್ಪ ಎದೆಯುಬ್ಬಿಸಿಯೇ ನಡೆದೆ. ಬಣ್ಣದ ಪೆನ್ಸಿಲಿಗೂ ಹೀಗೇ ಒಂದು ದಾರಿ ನನ್ನ ತಲೆಯಲ್ಲಿತ್ತು. ಆದರೆ ಅದನ್ನು ಮಾಡಿಸಲು ಮುಖ್ಯಸ್ಥರ ಕುರ್ಚಿ ಬೇಕು.

ಆ ಕುರ್ಚಿ ನನ್ನ ಕಡೆಗೇ ಬಂತು. ತಯಾರಿಕಾ ವಿಭಾಗದ ಮುಖ್ಯಸ್ಥ ನಿಜಗುಣಪ್ಪ ಸಾಹೇಬರು ಗುರುವಾರ ನಿವೃತ್ತರಾಗುವವರಿದ್ದರು. ಸೋಮವಾರ ಮಾಲಕಿ ಕಾಶೀಬಾಯಿಯವರು, ನಮ್ಮೆಲ್ಲರ ಬಾಯಾರು, ನನ್ನನ್ನು ಕರೆದು "ನಿಜಗುಣಿ ಜಾಗಾ ನಿನಗ. ಹೂಂ ಅಂದ್ರ ಶನಿವಾರ ಸಹಿ ಹಾಕ್ತೀನಿ. ವಿಚಾರ ಮಾಡು, ಆದ್ರ ಭಾಳ ವಿಚಾರ ಮಾಡಬ್ಯಾಡ" ಎಂದರು. ಒಂದೇ ನೆಗೆತಕ್ಕೆ ಇಪ್ಪತ್ನಾಲ್ಕು ಕಿಲೋ. ಸಂಬಳ ಎರಡೂವರೆ ಪಟ್ಟು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹೂಂ ಎನ್ನುತ್ತಿದ್ದರು. ನನಗೆ ಅಡ್ಡ ಬಂದದ್ದು ಮರಗಾಲು.

ಭಾನುವಾರ ಸಂಜೆ ಹೊಳೆಯ ಒಣ ಪಾತ್ರದಲ್ಲಿ ನಮ್ಮೂರು ಮರಗಾಲಾಟ ಆಡುತ್ತದೆ. ಎರಡು ಉದ್ದ ಬಿದಿರು, ಸೊಂಟದೆತ್ತರಕ್ಕೆ ಪಾದ ಇಡಲು ಕಟ್ಟಿದ ಅಡ್ಡಮರ, ಅದರ ಮೇಲೆ ನಿಂತು ಬಿದಿರಿನ ತುದಿಯಿಂದ ಚಿಂದಿಯ ಚೆಂಡು ಹೊಡೆಯಬೇಕು. ತಂಡಕ್ಕೆ ನಾಲ್ಕು ಜನ. ನಮ್ಮ ಕಡೆಯ ಬಿದಿರು ಅರವತ್ತು ಕಿಲೋ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಭರವಸೆಯಿಲ್ಲ. ಹಾಗಾಗಿ ಊರಿನ ಒಳ್ಳೆಯ ಆಟಗಾರರೆಲ್ಲ ಜವಾನರು, ಹೂ ಮಾರುವವರು, ಬಡ್ತಿ ಸಿಗದ ಮೇಷ್ಟ್ರುಗಳು. ಉಳಿದವರು ದಂಡೆಯ ಬಂಡೆಗಳ ಮೇಲೆ ಕೂತು ಹೇಗೆ ಆಡಬೇಕೆಂದು ಕೂಗಿ ಹೇಳುತ್ತಾರೆ.

ನಮ್ಮ ಓಣಿಯ ತಂಡದ ನಾಯಕಿ ನನ್ನ ಅವ್ವ ಗುರುಸಿದ್ದವ್ವ. ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗ್ರಾಂ ಬಡ್ತಿಯಿಲ್ಲ. ವಯಸ್ಸು ಐವತ್ತಕ್ಕೆ ಹತ್ತಿರ, ಆದರೆ ಮರಗಾಲ ಮೇಲೆ ನಿಂತರೆ ಅವಳನ್ನು ಹಿಡಿಯುವವರಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಮನೆಯಲ್ಲಿ ನಾವಿಬ್ಬರೇ. ವಾರವಿಡೀ ಉಪ್ಪು ಹೆಚ್ಚಾಯಿತು, ನಲ್ಲಿ ಬಿಟ್ಟು ಹೋದೆ ಎಂದು ಜಗಳಾಡುತ್ತೇವೆ. ಭಾನುವಾರ ಅವಳು ಎಡದಿಂದ ಚೆಂಡು ತಳ್ಳುತ್ತಾಳೆ, ನಾನು ಬಲದಲ್ಲಿ ಓಡಿ ಹೊಡೆಯುತ್ತೇನೆ. ಆಗ ನಮ್ಮಿಬ್ಬರಿಗೆ ಮಾತೇ ಬೇಕಾಗುವುದಿಲ್ಲ. ನನಗೆ ಬದುಕಿನಲ್ಲಿ ಇಷ್ಟವಾದದ್ದು ಎರಡು, ಕಡ್ಡಿ ಮುರಿಯದ ಪೆನ್ಸಿಲ್ ಮತ್ತು ಈ ಭಾನುವಾರ. ಎರಡರಲ್ಲಿ ಒಂದನ್ನು ಬಿಡು ಎಂದು ತಕ್ಕಡಿ ಹೇಳುತ್ತಿತ್ತು.

ಅವ್ವನಿಗೆ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಗೊ."

"ಆಟ?"

"ಎಂಥಾ ಆಟ? ನನ್ನ ಜೋಡಿ ಚಿಂದಿ ಚೆಂಡು ಹೊಡ್ಯಾಕ ಪಗಾರ ಬಿಡ್ತಿ? ಈ ಸೋರೂ ಮನಿಗೆ ಹೊಸಾ ಹಂಚು ಯಾರು ಹಾಕಸ್ತಾರ, ನಿಮ್ಮಪ್ಪ ಬರ್ತಾನೇನು?"

"ನನ್ನ ಜಾಗಾದಾಗ ಯಾರನ್ನ ಹಾಕ್ತಿ?"

"ಕಲ್ಲವ್ವನ ಮಗಳದಾಳ. ಓಡ್ತಾಳ ಚಲೋ. ಆದ್ರ ಚೆಂಡು ಬಂದ್ರ ಕಣ್ಣು ಮುಚ್ಚತಾಳ." ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು. "ನೀ ಮುಚ್ಚೂದಿಲ್ಲ. ಅದೊಂದು ಬಿಟ್ರ ನಿನ್ನಾಗ ಏನೂ ವಿಶೇಷ ಇಲ್ಲ."

ಇಷ್ಟು ಹೊಗಳಿಕೆಯನ್ನು ನಾನು ಅವಳಿಂದ ಎಂದೂ ಕೇಳಿರಲಿಲ್ಲ. ನಿರ್ಧಾರ ಇನ್ನೂ ಕಷ್ಟವಾಯಿತು.

ಗುರುವಾರ ನಾಲ್ಕೂವರೆಗೆ ಕಾರ್ಖಾನೆಯ ಅಂಗಳದಲ್ಲಿ ನಿಜಗುಣಪ್ಪ ಸಾಹೇಬರಿಗೆ ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ಊರುಗೋಲು ಎಲ್ಲ ಆಯಿತು. ಅವರು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಊರಿನ ಅತಿ ಚುರುಕಿನ ಮರಗಾಲಿಗ ಆಗಿದ್ದರಂತೆ. ಆಗಿನ ತಮ್ಮ ಒಂದು ಜೊತೆ ಬಿದಿರನ್ನು ಆಫೀಸಿನ ಬೀರುವಿನ ಹಿಂದೆ ಇಟ್ಟುಕೊಂಡು, ಪ್ರತಿ ಶನಿವಾರ ಎಣ್ಣೆ ಸವರಿ, ಮೂವತ್ತೊಂದು ವರ್ಷ ಕಾದಿದ್ದರು. ಐದು ಹೊಡೆಯಿತು. ಅವರು ಒಮ್ಮೆ ಉಸಿರೆಳೆದು ಹಿಮ್ಮಡಿ ಎತ್ತಿದರು. ಮುಖದಲ್ಲಿ ನಗು ಬಂತು. ಕುರ್ಚಿಯಿಂದ ಎದ್ದದ್ದು ಹೇಗಿತ್ತೆಂದರೆ, ಯಾರೋ ಕೆಳಗಿನಿಂದ ತಳ್ಳಿದಂತೆ. ನಾವೆಲ್ಲ ಚಪ್ಪಾಳೆ ಹೊಡೆದೆವು.

"ಬಿದಿರು ತರ್ರಿ!" ಎಂದರು.

ಹತ್ತಿದರು. ಮೊದಲ ಹೆಜ್ಜೆ ಚೆಂದ. ಎರಡನೆಯದೂ. ಮೂರನೆಯದಕ್ಕೆ ಬಲ ಮೊಣಕಾಲು ಮೇಲೇಳಲೇ ಇಲ್ಲ. ಧ್ವಜದ ಕಂಬ ಅಪ್ಪಿ ಹಿಡಿದು ಅಲ್ಲೇ ನಿಂತರು. ಮುಂದೆ ಹೋಗಲಾರರು, ಇಳಿಯಲಾರರು. ನಾಲ್ಕು ಜನ ಸೇರಿ ಇಳಿಸಿದೆವು. ಎತ್ತಿದಾಗ ಅವರು ಖಾಲಿ ಚೀಲದಷ್ಟು ಹಗುರವಾಗಿದ್ದರು. ಏನೂ ಮುರಿದಿರಲಿಲ್ಲ. ಮೂಳೆ ಡಾಕ್ಟರರ ಕಾಂಪೌಂಡರ್ ಗೇಟಿನ ಬಳಿ ಕಾದಿದ್ದ, ಬೇಸರದಿಂದ ಹೊರಟುಹೋದ.

ಸಾಹೇಬರು ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ನಾನು ನೀರು ಕೊಟ್ಟು ನೇರವಾಗಿ ಕೇಳಿದೆ. "ಸರ, ಕುರ್ಚಿ ತಗೊಂಡಿದ್ದಕ್ಕ ಪಶ್ಚಾತ್ತಾಪ ಐತೇನ್ರಿ?"

"ಎದಕ? ಮೂರು ಮಕ್ಕಳನ್ನ ಓದಿಸೀನಿ, ಮನಿ ಕಟ್ಟೀನಿ. ಆ ಕುರ್ಚಿ ನನಗ ಬೇಕಾಗಿತ್ತು." ನೀರು ಕುಡಿದರು. "ಇದೂ ಬೇಕಾಗಿತ್ತು. ಎರಡೂ ಬೇಕು ಅಂತ ಒಂದ್ ಸಲಾನೂ ಬಾಯಾರನ್ನ ಕೇಳಲಿಲ್ಲ ನೋಡು."

"ಕೇಳಿದ್ರ ಬೈತಿದ್ರು."

"ಬೈತಿದ್ರು. ಬೈಸ್ಕೊಂಡ್ರ ಏನು ತೂಕ ಏರ್ತಿತ್ತೇನು?"

ಅಷ್ಟು ಹೇಳಿ ಹಣ್ಣಿನ ಬುಟ್ಟಿಯಿಂದ ಬಾಳೆಹಣ್ಣು ತೆಗೆದು ತಿಂದರು. ದುಃಖದಲ್ಲಿದ್ದಂತೆ ಕಾಣಲಿಲ್ಲ. ಆಮೇಲೆ ಊರುಗೋಲು ಹೆಗಲಿಗೆ ಹಾಕಿಕೊಂಡು, ಹುಡುಗರಂತೆ ಪುಟಿಯುತ್ತ, ಸ್ವಲ್ಪ ಕುಂಟುತ್ತ ಮನೆಗೆ ಹೋದರು.

ಮರುದಿನ ಊಟದ ಹೊತ್ತಿನಲ್ಲಿ ಜುಬೇದಾಳ ಬಳಿ ಹೋಗಿ ಕೂತೆ. ಅವಳು ಮರ ಕೊಯ್ಯುವ ಮತ್ತು ಬಣ್ಣ ಹಚ್ಚುವ ಕಡೆ ಕೆಲಸಗಾರ್ತಿ. ನನಗಿಂತ ಹತ್ತು ವರ್ಷ ದೊಡ್ಡವಳು. ಮರದ ಹಲಗೆಯನ್ನು ಮೂಸಿ ನೋಡಿಯೇ ಅದು ಸೀಳುತ್ತದೋ ಇಲ್ಲವೋ ಹೇಳಬಲ್ಲಳು. ನಲವತ್ತು ಜನರನ್ನು ದನಿ ಎತ್ತದೆ ಕೆಲಸಕ್ಕೆ ಹಚ್ಚಬಲ್ಲಳು. ನನಗೆ ನಾಲ್ವರನ್ನು ಹಚ್ಚಲೂ ಬರುವುದಿಲ್ಲ, ನಾನೇ ಮಾಡಿಬಿಡುತ್ತೇನೆ.

"ಅಕ್ಕಾ, ಸಾಹೇಬ್ರ ಕುರ್ಚಿ ಅರ್ಧ ತಗೊಂತೀ?"

ಜುಬೇದಾ ಬುತ್ತಿಯ ಮುಚ್ಚಳ ಕೆಳಗಿಟ್ಟಳು. "ಯಾವ ಅರ್ಧ?"

"ಮರ, ಬಣ್ಣ, ಮಂದಿ ನಿಂದು. ಕಡ್ಡಿ, ಭಟ್ಟಿ, ಲೆಕ್ಕ ನಂದು. ಹುದ್ದೆ ಒಂದ. ಪಗಾರ ಅರ್ಧ ಅರ್ಧ. ತೂಕಾನೂ ಅರ್ಧ ಅರ್ಧ ಬೀಳಬಹುದು."

"ಬೀಳಬಹುದು ಅಂದ್ರ?"

"ಯಾರೂ ಮಾಡಿ ನೋಡಿಲ್ಲ."

ಅವಳು ಅಂಗಳದಲ್ಲಿ ನಿಂತಿದ್ದ ತನ್ನ ಸೈಕಲ್ಲಿನ ಕಡೆ ನೋಡಿದಳು. ಮೂವತ್ತೈದನೆಯ ವಯಸ್ಸಿನಲ್ಲಿ, ಮೂರು ಸಲ ಗಟಾರಕ್ಕೆ ಬಿದ್ದು ಕಲಿತದ್ದು. ಈಗ ದಿನಾ ಗಂಡನನ್ನು ಹಿಂದೆ ಕೂರಿಸಿಕೊಂಡು ಮಾರ್ಕೆಟ್ಟಿಗೆ ಬಿಟ್ಟು ಬರುತ್ತಾಳೆ. ಗಂಡನಿಗೆ ಸೈಕಲ್ ಬರುವುದಿಲ್ಲ.

"ಇಬ್ಬರಿಗೂ ಪೂರ್ತಿ ಬಿತ್ತಂದ್ರ ನನ್ನ ಟಯರ್ ಹೋಗ್ತಾವ, ನಿನ್ನ ಬಿದಿರು ಹೋಗ್ತಾವ, ಪಗಾರ ಮಾತ್ರ ಅರ್ಧ."

"ಹೌದು."

"ಮಂದಿ ಅರ್ಧ ಸಾಹೇಬ್ರು ಅಂತ ಆಡ್ಕೋತಾರ."

"ಹೌದು."

"ನೀ ಸ್ವಲ್ಪ ಸುಳ್ಳರ ಹೇಳಬಾರದೇನವಾ, ಧೈರ್ಯ ಬರ್ತಿತ್ತು" ಎಂದು ಜುಬೇದಾ ನಕ್ಕಳು. ಆಮೇಲೆ ಕೈ ತೊಳೆದು ಬಂದು, "ನಡಿ, ಬೈಸ್ಕೊಂಡು ಬರೋಣು" ಎಂದಳು.

ಕಾಶೀಬಾಯಿಯವರು ಹುಣಸೆಕಾಯಿಯಷ್ಟು ತೆಳ್ಳಗಿನ ಮುದುಕಿ. ಗೋದಾಮಿನ ತಕ್ಕಡಿಯಲ್ಲಿ ಮುನ್ನೂರ ಹತ್ತು ಕಿಲೋ. ಅವರ ಕೋಣೆ ನೆಲಮಾಳಿಗೆಯಲ್ಲಿ, ಕೂರುವುದು ಕಲ್ಲಿನ ಬೆಂಚಿನ ಮೇಲೆ. ಮೇಲಿನ ಅಂತಸ್ತಿನದು ಹಲಗೆಯ ನೆಲ. ಹತ್ತೊಂಬತ್ತು ವರ್ಷದಿಂದ ಅವರು ಅಲ್ಲಿಗೆ ಹತ್ತಿಲ್ಲ.

"ಬಾಯಾರ, ಕುರ್ಚಿ ಬೇಕ್ರಿ. ಪೂರ್ತಿ ಬ್ಯಾಡ್ರಿ" ಎಂದೆ. ಎಲ್ಲವನ್ನೂ ಹೇಳಿದೆ.

ಅವರು ಕೇಳಿಸಿಕೊಂಡು ಕನ್ನಡಕ ತೆಗೆದರು. "ಅರ್ಧ ಕುರ್ಚಿ ಮ್ಯಾಲ ಹೆಂಗ ಕುಂಡರ್ತೀರಿ? ಒಬ್ಬಾಕಿ ಎದ್ರ ಇನ್ನೊಬ್ಬಾಕಿ ಬೀಳ್ತಾಳ."

"ಎರಡು ಸ್ಟೂಲ್ ಹಾಕ್ಸರಿ" ಎಂದಳು ಜುಬೇದಾ.

"ಬೈಬೇಕಾದ್ರ ಯಾರನ್ನ ಬೈಲಿ? ನನಗ ಅದಕ್ಕ ಒಬ್ಬರು ಬೇಕು."

"ಮರ ಸೀಳಿದ್ರ ನನ್ನ ಬೈರಿ. ಒಳಗ ಕಡ್ಡಿ ಮುರಿದ್ರ ಈಕಿನ್ನ ಬೈರಿ."

"ಎರಡೂ ಆದ್ರ?"

"ಆವತ್ತ ನಿಮಗ ಹಬ್ಬ ಬಿಡ್ರಿ ಬಾಯಾರ."

ಕಾಶೀಬಾಯಿಯವರ ತುಟಿ ಸ್ವಲ್ಪ ಅಲುಗಿತು, ಆದರೆ ಬಿಟ್ಟುಕೊಡಲಿಲ್ಲ. "ಹುಚ್ಚಾಟ. ನೀಲಾ, ಕುರ್ಚಿ ನೀ ಒಬ್ಬಾಕೀನ ತಗೊ. ಇಲ್ಲಾಂದ್ರ ಹೊರಗಿನವರನ್ನ ಕರಸ್ತೀನಿ."

"ಕರಸ್ರಿ. ಬಂದವರಿಗೆ ಕಡ್ಡಿ ಗೊತ್ತಿದ್ರ ಮರ ಗೊತ್ತಿರೂದಿಲ್ಲ, ಮರ ಗೊತ್ತಿದ್ರ ಕಡ್ಡಿ ಗೊತ್ತಿರೂದಿಲ್ಲ. ನಿಜಗುಣಪ್ಪ ಸಾಹೇಬ್ರಿಗೆ ಮರ ಗೊತ್ತಿತ್ತು. ನಾ ಬಂದು ಒಣಗಿಸೂ ತನಕ ಕಡ್ಡಿ ಮುರಿದ್ವು."

ಇದು ಒರಟು ಮಾತು, ಆದರೆ ನಿಜ. ನೆತ್ತಿಯ ಮೇಲೆ ಹಲಗೆಗಳು ಕಿರುಗುಟ್ಟಿದವು, ಯಾರೋ ಬಣ್ಣದ ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ಕಾಶೀಬಾಯಿಯವರು ತಲೆ ಎತ್ತಿ ಆ ಸದ್ದಿನ ಹಿಂದೆಯೇ ಕಣ್ಣಾಡಿಸಿದರು.

"ಮ್ಯಾಲ ಈಗ ಹೆಂಗ ಕಾಣ್ತೈತಿ?" ಎಂದು ಜುಬೇದಾಳನ್ನು ಕೇಳಿದರು.

"ಈಗ ಹಳದಿ ಒಣಗಾಕ ಹಾಕೇವ್ರಿ. ಮೂಡಣ ಕಿಟಕಿಯಿಂದ ಬಿಸಿಲು ಬಂತಂದ್ರ ಗ್ವಾಡಿನೂ ಹಳದಿ, ನಮ್ಮ ಮಾರಿನೂ ಹಳದಿ. ಕೆಂಪು ಹಾಕಿದ ದಿನ ಎಲ್ಲಾರೂ ನಾಚಿದಂಗ ಕಾಣ್ತೇವ್ರಿ."

"ಆ ಕಿಟಕಿ ನಾನ ಇಡಿಸಿದ್ದು" ಎಂದರು. "ಇಡಿಸಿ ಎರಡು ತಿಂಗಳಿಗೆ ಮ್ಯಾಲ ಹತ್ತೂದು ಬಂದ್ ಆತು." ಕಾಗದ ಎಳೆದುಕೊಂಡು ಬರೆಯತೊಡಗಿದರು. "ಇಬ್ಬರಿಗೂ ಪೂರ್ತಿ ಬಿತ್ತಂದ್ರ ನನ್ನ ಮುಂದ ಅಳಬ್ಯಾಡ್ರಿ. ಬಿದ್ದ ತೂಕ ನಿವೃತ್ತಿ ತನಕ ಇಳಿಯೂದಿಲ್ಲ."

ಶನಿವಾರದವರೆಗೆ ಕಾಯಲೇ ಇಲ್ಲ. ಸಹಿ ಬಿದ್ದಾಗ ಇಬ್ಬರೂ ನಿಂತಿದ್ದೆವು. ನನಗೆ ಚಪ್ಪಲಿ ಒಮ್ಮೆ ನೆಲಕ್ಕೆ ಅಂಟಿದಂತಾಯಿತು. ಜುಬೇದಾ "ಯಾ ಅಲ್ಲಾ" ಎಂದು ಮೇಜು ಹಿಡಿದಳು. ಎಷ್ಟು ಎಂದು ಮೈಗೆ ತಿಳಿಯುವುದಿಲ್ಲ, ಏರಿತು ಎಂದಷ್ಟೇ ತಿಳಿಯುತ್ತದೆ. ಗೋದಾಮಿನ ತಕ್ಕಡಿಯ ಬಳಿಗೆ ಓಡಿದೆವು. ಸುದ್ದಿ ನಮಗಿಂತ ಮೊದಲು ಓಡಿತ್ತು, ಇಡೀ ಕಾರ್ಖಾನೆ ಅಲ್ಲಿತ್ತು.

ಜುಬೇದಾ ಹತ್ತಿದಳು. ಒಂಬತ್ತು ಕಿಲೋ ಹೆಚ್ಚು. ಎಲ್ಲರೂ ಹೋ ಎಂದರು. ಸೈಕಲ್ಲಿಗೆ ಒಂಬತ್ತು ಕಿಲೋ ಯಾವ ಲೆಕ್ಕ?

ನಾನು ಹತ್ತಿದೆ. ಮುಳ್ಳು ಐವತ್ತೊಂಬತ್ತರಲ್ಲಿ ನಿಲ್ಲಲಿ ಎಂದುಕೊಂಡೆ. ಅದು ಅರವತ್ತು ದಾಟಿ, ಸ್ವಲ್ಪ ನಡುಗಿ, ಅರವತ್ತೆರಡರಲ್ಲಿ ನಿಂತಿತು. ಹದಿನೈದು ಹೆಚ್ಚು.

"ಇದೇನು, ನನಗ ಕಡಿಮಿ ಬಿತ್ತಲ್ಲ" ಎಂದಳು ಜುಬೇದಾ. "ನೀ ಮನಿಗೆ ಹೋದ ಮ್ಯಾಲೂ ಭಟ್ಟಿ ವಿಚಾರ ಮಾಡ್ತಿ ನೋಡು, ಅದಕ್ಕ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಿದಿರಿನ ಲೆಕ್ಕಕ್ಕೆ ಎರಡು ಕಿಲೋ ಹೆಚ್ಚಾಗಿತ್ತು. ಮನೆಗೆ ಹೋಗಿ ಅವ್ವನಿಗೆ ಅರವತ್ತೆರಡು ಎಂದೆ. ಅವಳು ಅರ್ಧ ಪಗಾರದ ವಿಷಯಕ್ಕೆ ಒಂದು ತಾಸು ಬೈದಳು. ಬೈದು ಮುಗಿದ ಮೇಲೆ, "ಎರಡು ಕಿಲೋ ಅಷ್ಟ?" ಎಂದು ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೋದಳು. ಶನಿವಾರ ನಾನು ಕೆಲಸಕ್ಕೆ ಹೊರಟಾಗಲೂ ಮರಳಿ ಬಂದಾಗಲೂ ಹಿತ್ತಲಿನಲ್ಲಿ ಕುಡುಗೋಲಿನ ಸದ್ದು. ನನ್ನನ್ನು ಆ ಕಡೆ ಬಿಡಲಿಲ್ಲ.

ಭಾನುವಾರ ಎದುರಿಗೆ ಕುಂಬಾರ ಓಣಿಯ ತಂಡ. ಹೊಳೆಯ ದಂಡೆ ಕಿಕ್ಕಿರಿದಿತ್ತು. ಅರ್ಧ ಸಾಹೇಬರು ಆಡುತ್ತಾರೆಂದು ಸುದ್ದಿ ಹಬ್ಬಿ, ಎಂದೂ ಬಾರದ ಬ್ಯಾಂಕಿನವರೂ ಬಂದಿದ್ದರು. "ಮ್ಯಾಲಿನ ಅರ್ಧ ಆಡ್ತೈತೋ, ಕೆಳಗಿನ ಅರ್ಧ ಆಡ್ತೈತೋ?" ಎಂದು ಯಾರೋ ಕೂಗಿದರು. ಸೈಕಲ್ ನಿಲ್ಲಿಸಿ, ಗಂಡನ ಜೊತೆ ನಿಂತಿದ್ದ ಜುಬೇದಾ, "ನಿನ್ನ ಪೂರ್ತಿ ಏನ್ ಕಡಿದು ಕಟ್ಟಿ ಹಾಕೈತೋ?" ಎಂದು ತಿರುಗಿ ಕೂಗಿದಳು.

ಹತ್ತಿದೆ. ಬಿದಿರು ನರಳಿತು. ದಂಡೆಯ ಬಂಡೆಗಳ ಮೇಲೆ ಕೂತವರು ಎದ್ದು ನಿಂತರು. ಬಿದಿರು ಬಿಲ್ಲಿನಂತೆ ಸ್ವಲ್ಪ ಬಾಗಿ, ಹಾಗೇ ನಿಂತಿತು. ನಾಲ್ಕು ಹೆಜ್ಜೆ ಇಟ್ಟೆ. ಓಡಲು ಹೋದರೆ ಮೊದಲಿನಂತೆ ಏಳುವುದಿಲ್ಲ, ಪ್ರತಿ ಹೆಜ್ಜೆಯೂ ಮರಳಿನಲ್ಲಿ ಗುದ್ದಲಿ ಊರಿದಂತೆ ಊರುತ್ತದೆ. ಬಲಗಡೆಯ ಓಟ ಇನ್ನು ನನ್ನದಲ್ಲ ಎಂದು ಅಲ್ಲೇ ಗೊತ್ತಾಯಿತು. ಸ್ವಲ್ಪ ನೋವಾಯಿತು, ಇಲ್ಲ ಎನ್ನುವುದಿಲ್ಲ.

ಅವ್ವ ಹತ್ತಿರ ಬಂದಳು. "ನೀ ಓಡಬ್ಯಾಡ. ಗೋಲಿನ ಮುಂದ ನಿಂದರು. ಓಡಾಕ ಕಲ್ಲವ್ವನ ಮಗಳದಾಳ."

ನಿಂತೆ. ಕುಂಬಾರ ಓಣಿಯ ಹಗುರ ಹುಡುಗರು ಗಾಳಿಯಂತೆ ಬಂದರು. ಮರಗಾಲಾಟದಲ್ಲಿ ಗೋಲಿನವರನ್ನು ಭುಜದಿಂದ ತಳ್ಳಿ ಬೀಳಿಸುವುದು ಹಳೆಯ ಉಪಾಯ. ಮೊದಲನೆಯವನು ತಳ್ಳಿದ, ತಾನೇ ಮರಳಿನ ಮೇಲೆ ಬಿದ್ದ. ಎರಡನೆಯವನು ತಳ್ಳಿದ, ಅವನ ಮೇಲೆ ಇವನು ಬಿದ್ದ. ನಾನು ಅಲುಗಲಿಲ್ಲ. ಇಡೀ ಹೊಳೆಯಲ್ಲಿ ಅಷ್ಟು ಭಾರವಾಗಿ ಮರಗಾಲ ಮೇಲೆ ನಿಂತವರು ಅಲ್ಲಿಯತನಕ ಯಾರೂ ಇರಲಿಲ್ಲ. "ಇದು ಮೋಸ! ಅಕಿ ಗ್ವಾಡಿ ಅದಾಳ!" ಎಂದು ಅವರ ನಾಯಕ ಕೂಗಾಡಿದ. ದಂಡೆ ಬಿದ್ದು ಬಿದ್ದು ನಕ್ಕಿತು. ನಾನು ತಡೆದ ಚೆಂಡನ್ನು ಅವ್ವ ಎಡದಿಂದ ತಳ್ಳಿದಳು. ಕಲ್ಲವ್ವನ ಮಗಳು ಕಣ್ಣು ಮುಚ್ಚಿಯೇ ಹೊಡೆದಳು, ಗೋಲಾಯಿತು. ಕಣ್ಣು ತೆರೆದು "ಏನಾತು?" ಎಂದು ಕೇಳಿದಳು.

ಆಮೇಲೆ ಒಂದು ಚೆಂಡು ಮೂಲೆಗೆ ಬಂತು. ಎಡಗಾಲು ಚಾಚಿ ತಡೆದೆ. ಚೆಂಡು ನಿಂತಿತು. ಬಿದಿರು ನಿಲ್ಲಲಿಲ್ಲ. ಪಟಾಕಿಯ ಸದ್ದಿನೊಂದಿಗೆ ಅದು ಮುರಿಯಿತು, ನಾನು ಅರವತ್ತೆರಡೂ ಕಿಲೋ ಸಮೇತ ಮರಳಿನ ಮೇಲೆ ಅಂಗಾತ ಬಿದ್ದೆ. ದಂಡೆಯ ಮೇಲೆ ಅಯ್ಯಯ್ಯೋ ಎಂಬ ಸದ್ದು. ಬಾಯಿಯಲ್ಲಿ ಮರಳು, ಕಣ್ಣಿನ ಮುಂದೆ ಆಕಾಶ, ಅದರ ನಡುವೆ ಅವ್ವನ ಮುಖ.

"ಮುರಿದದ್ದು ಯಾವುದು, ಬಿದಿರೋ ಕಾಲೋ?"

ಕಾಲು ಆಡಿಸಿ ನೋಡಿದೆ. "ಬಿದಿರು."

"ಹಂಗಾದ್ರ ಏಳು." ಅವಳು ದಂಡೆಯ ಕಡೆ ಗದ್ದ ಎತ್ತಿದಳು. ನಮ್ಮ ಓಣಿಯವರು ಒಂದು ಕೈಗಾಡಿ ತಳ್ಳಿಕೊಂಡು ಬರುತ್ತಿದ್ದರು. ಅದರ ತುಂಬ ಹಸಿರಾರದ ಹೊಸ ಮರಗಾಲುಗಳು, ಹನ್ನೊಂದು ಜೊತೆ. ಎಲ್ಲಕ್ಕೂ ನನ್ನ ಪಾದದ ಅಳತೆಗೆ ಅಡ್ಡಮರ ಕಟ್ಟಿತ್ತು.

"ಇಷ್ಟ್ಯಾಕ ಮಾಡಿದಿ? ವಾರಕ್ಕೊಂದು ಮುರಿದ್ರ ಎಷ್ಟು ಬಿದಿರು ಬೇಕಾಗತಾವ ಗೊತ್ತೈತೇನು?"

"ಮುರೀಲಿ" ಎಂದಳು ಅವ್ವ, ಆಗಲೇ ಚೆಂಡಿನ ಕಡೆ ತಿರುಗುತ್ತ. "ನಿನ್ನ ಪಗಾರ ಮತ್ತೆದಕ ಐತಿ?"